ಆಮೆನ್ ಅನ್ನುವ ತನಕ

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ ಮಾಡಿಸುತ್ತಿದ್ದವರು ಅತ್ತೆ. ಅವರು ಆಮೆನ್ ಅನ್ನುವ ತನಕ ಯಾರೂ ಕಣ್ಣು ತೆರೆಯುವಂತಿರಲಿಲ್ಲ. ಒಂದನೇ ಕ್ಲಾಸಿನಲ್ಲಿದ್ದ ನನ್ನ ಮಗ ಮಾತ್ರ ಬೆರಳ ಸಂದಿಯಿಂದ ತಟ್ಟೆ ನೋಡಿ ಸಿಕ್ಕಿಬೀಳುತ್ತಿದ್ದ. "ಸೈತಾನ ನಿನ್ನ ಕಣ್ಣ ತಗಸಾಕತ್ತಾನ ನೋಡು," ಎಂದು ಅತ್ತೆ ಗದರುತ್ತಿದ್ದರು. ಗದಗಿನ ಕಡೆಯವರು ಅವರು. ವಿಕ್ರೋಳಿಯ ಚಾಳಿಗೆ ಬಂದು ಎಷ್ಟೋ ವರ್ಷಗಳಾದರೂ ಮಾತು ಬದಲಾಗಿರಲಿಲ್ಲ. ಮಗನ ಬಾಯಲ್ಲೋ ಅರ್ಧ ಹಿಂದಿ.

ಅವನಿಗೆ ರೈಲಿನ ಹಾರ್ನ್ ಅಂದರೆ ಭಯ. ನಮ್ಮ ಖೋಲಿಗೆ ಹಳಿ ಹತ್ತಿರವೇ ಇತ್ತು. "ಹೆದರಿಕಿ ಬಂದ್ರ ನಿಂತಲ್ಲೇ ನಿಂತು, ಕಣ್ಣ ಮುಚ್ಚಿ ಯೇಸಪ್ಪನ್ನ ಕರಿ," ಎಂದು ಅತ್ತೆ ಕಲಿಸಿದ್ದರು. ಹಾಸಿಗೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಿ.ಎ. ಓದಿದ್ದ ನನಗೂ ಅದಕ್ಕಿಂತ ಒಳ್ಳೆಯ ಉಪಾಯ ತೋಚಿರಲಿಲ್ಲ.

ಆ ಭಾನುವಾರ ಘಾಟ್ಕೋಪರಿನಲ್ಲಿ ನಮ್ಮ ಕನ್ನಡ ಸಭೆಯ ಕ್ರಿಸ್ಮಸ್ ಕಾರ್ಯಕ್ರಮ. ಮಗನದು ಕುರಿ ಕಾಯುವವನ ಪಾತ್ರ. ಮನೆಯಿಂದಲೇ ತಲೆಗೆ ಟವೆಲ್ ಸುತ್ತಿಕೊಂಡು ಕುಣಿಯುತ್ತ ಹೊರಟ. ಗಂಡ ಕಾರ್ಖಾನೆಯ ಪಾಳಿ ಮುಗಿಸಿ ನೇರ ಅಲ್ಲಿಗೇ ಬರುವವರಿದ್ದರು.

ಸ್ಟೇಷನ್ನಿಗೆ ಹೋಗಲು ಫಾಟಕ ದಾಟಬೇಕು. ಗೇಟು ಹಾಕಿತ್ತು. ಒಂದು ಲೋಕಲ್ ರೈಲು ಹೋದದ್ದೇ ತಡ, ಜನ ಗೇಟಿನ ಕೆಳಗೆ ನುಸುಳಿ ಹಳಿಗೆ ಇಳಿದರು. ದಿನವೂ ಹಾಗೇ. ನಾವೂ ಇಳಿದೆವು. ಅತ್ತೆ ಮುಂದಾಗಿ ಆಚೆ ತಲುಪಿದರು. ನಾನು ಮಗನ ಕೈ ಹಿಡಿದಿದ್ದೆ. ಸೈಕಲ್ ಎತ್ತಿಕೊಂಡ ಒಬ್ಬ ನಮ್ಮ ನಡುವೆ ನುಗ್ಗಿದ. ಕೈ ತಪ್ಪಿತು. ನನ್ನ ಸೆರಗು ಪೆಡಲಿಗೆ ಸಿಕ್ಕಿ, ಸೈಕಲು ನನ್ನನ್ನೂ ಹಳಿಯ ಆಚೆಗೆ ಎಳೆದೊಯ್ದಿತು.

ಆಗ ಹಾರ್ನ್.

ತಿರುಗಿ ನೋಡಿದೆ. ಮಗ ಹಳಿಗಳ ನಡುವೆ ನಿಂತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ, ಕೈ ಜೋಡಿಸಿದ್ದ. ಅದೇ ಹಳಿಯ ಮೇಲೆ ಬರುತ್ತಿದ್ದ ಲೋಕಲಿನ ಹಳದಿ ಮೂತಿ. "ಓಡೋ, ಓಡೋ," ಎಂದು ಕೂಗಿದೆ. ಅವನು ಕದಲಲಿಲ್ಲ. ಸೆರಗು ಬಿಡಿಸಲು ಬೆರಳು ಆಡಲಿಲ್ಲ. ಇವತ್ತಿಗೂ ಒಗೆಯುವಾಗ ಸೀರೆ ಕೈಗೆ ಸುತ್ತಿಕೊಂಡರೆ ನನ್ನ ಬೆರಳುಗಳು ಹಾಗೇ ಮರಗಟ್ಟುತ್ತವೆ.

ಹಾರ್ನ್ ಒಂದು ಕ್ಷಣ ನಿಂತಿತು. ಆಚೆಯಿಂದ ಅತ್ತೆಯ ದನಿ ಬಂತು. ಅದೇ ಊಟದ ಹೊತ್ತಿನ ದನಿ, ಆದರೆ ಇಡೀ ಫಾಟಕಕ್ಕೆ ಕೇಳುವಷ್ಟು.

"ಆಮೆನ್!"

ಮಗ ಕಣ್ಣು ತೆರೆದ. ಅಜ್ಜಿಯನ್ನು ಕಂಡ. ಓಡಿ ಬಂದು ಅವರ ಸೊಂಟಕ್ಕೆ ಬಡಿದ. ಅವನ ಹಿಂದೆಯೇ ಗಾಳಿ ಎದ್ದು ರೈಲು ಹಾದುಹೋಯಿತು.

"ನಾನು ಕೂಗಿದ್ದು ಕೇಳಿಸಲಿಲ್ಲವೇನೋ?" ಎಂದು ಅವನನ್ನು ಅಲುಗಾಡಿಸಿದೆ.

"ಕೇಳ್ತು ಮಮ್ಮಿ. ಲೇಕಿನ್ ಅಜ್ಜಿ ಆಮೆನ್ ಹೇಳಿರ್ಲಿಲ್ಲ."

ಅತ್ತೆ ಅಲ್ಲೇ ಜಲ್ಲಿಯ ಮೇಲೆ ಕುಕ್ಕರಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ನನಗೆ, "ಏಳವಾ, ಹೊತ್ತಾತು," ಎಂದರು. ಏಳಲಾಗದೆ ಕೂತಿದ್ದವರು ಅವರೇ.

ಸಭೆಯಲ್ಲಿ ಪಾದ್ರಿ ಅಯ್ಯನವರು ಪ್ರಾರ್ಥಿಸೋಣ ಎಂದಾಗ ಕಣ್ಣು ಮುಚ್ಚಿದೆ. ಹಳದಿ ಮೂತಿ ಬಂತು. ತೆರೆದೆ. ಮತ್ತೆ ಮುಚ್ಚಿದೆ, ಮತ್ತೆ ಬಂತು. ಕೊನೆಗೆ ತೆರೆದೇ ಕೂತೆ. ಎಲ್ಲರ ತಲೆ ಬಾಗಿತ್ತು. ಪಕ್ಕದಲ್ಲಿ ಅತ್ತೆ ಮಾತ್ರ ಕತ್ತೆತ್ತಿ, ವೇದಿಕೆಯ ಮೇಲಿದ್ದ ಟವೆಲಿನ ತಲೆಯನ್ನೇ ದಿಟ್ಟಿಸುತ್ತಿದ್ದರು.

ಕಾರ್ಯಕ್ರಮ ಮುಗಿದದ್ದೇ ಮಗ ಓಡಿ ಬಂದ. "ಅಜ್ಜಿ, ಪ್ರಾರ್ಥನೆಯಲ್ಲಿ ನಿನ್ನ ಕಣ್ಣು ಖುಲ್ಲಾ ಇತ್ತು."

"ನಿನಗ ಹೆಂಗ ಗೊತ್ತಾತು?"

ಅವನು ನಾಲಗೆ ಕಚ್ಚಿಕೊಂಡ. ಇನ್ನು ಅತ್ತೆಯ ಬಾಯಲ್ಲಿ ಸೈತಾನ ಬರುತ್ತಾನೆ ಎಂದು ನಾನು ಕಾದೆ. ಅತ್ತೆ ಅವನ ಟವೆಲ್ ಸರಿಮಾಡಿದರು.

"ನೋಡಪಾ, ನೋಡು. ಕಣ್ಣ ಕೊಟ್ಟಾಂವನೂ ಯೇಸಪ್ಪನೇ. ಇನ್ನ ಮ್ಯಾಲೆ ಹೆದರಿಕಿ ಬಂದ್ರ ಕಣ್ಣ ದೊಡ್ಡದು ಮಾಡಿ ಓಡು. ಓಡಕೋಂತ ಕರಿ. ಅಂವಗ ಕೇಳಸ್ತದ."