ಜೇನು ಓಡಿಸಿದ ಹಿತ್ತಿಲು

ಮೊನ್ನೆ ಮೊಮ್ಮಗಳು ಹೆತ್ತಳು. ಹೆಣ್ಣು ಕೂಸು, ತಲೆತುಂಬ ಕೂದಲು, ಮೂಗು ನನ್ನದೇ. ಸಂತೋಷ ಮೈಯಲ್ಲಿ ಹಿಡಿಸದೆ ಹಾಲಿನವನಿಗೂ ಹೇಳಿದೆ, ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿಯೂ ಹೇಳಿದೆ. ತೊಟ್ಟಿಲಿಗೆ ಹಾಕುವಾಗ ಮನೆಯವರದೆಲ್ಲ ಒಂದೇ ಮಾತು: "ಆಯೀ, ನೀವ ಹಾಕ್ರಿ. ನಿಮ್ಮ ಕೈಗುಣ ಛಲೋ ಐತಿ." ಹಾಕಿದೆ, ನಕ್ಕೆ. ಆದರೆ ಕೈಗುಣ ಎಂಬ ಆ ಮಾತು ಒಳಗೆ ಮುಳ್ಳಿನಂತೆ ಮುರಿದು ಕೂತಿತು. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ಈ ಕೈಗೆ ಏನೇನು ಅಂದರೆಂಬುದನ್ನು ನಾನು ಬರೆಯದೆ ಬಿಡುವುದಿಲ್ಲ.

ಗರಗದಿಂದ ಧಾರವಾಡಕ್ಕೆ ನಾನು ಸೊಸೆಯಾಗಿ ಬಂದದ್ದು ಅರವತ್ತರ ಆಸುಪಾಸು. ಗಂಡ ಹುಬ್ಬಳ್ಳಿಯ ಒಂದು ಹತ್ತಿ ಅಂಗಡಿಯಲ್ಲಿ ಕಾರಕೂನ. ಮುಂಜಾನೆ ರೈಲಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಾಳಮಡ್ಡಿಯ ಆ ಮನೆಯ ಹಿಂದೆ ಮಣ್ಣಿನ ಗೋಡೆಯ ಹಿತ್ತಿಲು, ಗೋಡೆಯ ಸಂದಿಯಲ್ಲಿ ತುಡುವೆ ಜೇನು. ಕುಂಬಳದ ಬೀಜವನ್ನು ಮಕ್ಕಳನ್ನು ಹೆತ್ತವಳೇ ಊರಬೇಕೆಂಬುದು ಆ ಮನೆಯ ಪದ್ಧತಿ. ಅತ್ತೆಗೆ ಸೊಂಟ ಹಿಡಿದು ಬಗ್ಗಲಾಗದ್ದರಿಂದ, ನಾನಿನ್ನೂ ಹೆರದಿದ್ದರೂ ಬೀಜ ನನ್ನ ಕೈಗೆ ಬಂದವು. ಎರಡು ವರ್ಷ ಓಣಿಗೆಲ್ಲ ಹಂಚುವಷ್ಟು ಕಾಯಿ ಬಿಟ್ಟವು. ಆಗ ನನ್ನ ಕೈಯ ಮಾತನ್ನು ಯಾರೂ ಎತ್ತಲಿಲ್ಲ. ಮಣ್ಣಿನ ಗುಣ ಅಂದರು, ಗೊಬ್ಬರದ ಗುಣ ಅಂದರು.

ಅದರ ಮುಂದಿನ ಬೇಸಗೆಯಲ್ಲಿ ನಾದಿನಿ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಹಿತ್ತಿಲಲ್ಲಿ ಮಲಗಿಸಿದ್ದ ಕೂಸಿಗೆ ಜೇನುಹುಳ ಕಚ್ಚಿ ಕೆನ್ನೆ ಊದಿತು. ಅತ್ತೆ ಆಳು ಕರೆಸಿ, ಸಗಣಿ ಕುಳ್ಳಿನ ಹೊಗೆ ಹಾಕಿಸಿ, ಸಂದಿಗೆ ಮಣ್ಣು ಮೆತ್ತಿಸಿದರು. ಸತ್ತ ಹುಳಗಳನ್ನು ಗುಡಿಸಿ ತಿಪ್ಪೆಗೆ ಹಾಕಿದವಳು ನಾನೇ. ಕೂಸಿನ ಮುಖ ನೋಡಿದವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಮುಂದಿನದಕ್ಕೆ.

ಆ ಮಳೆಗಾಲ ಬಳ್ಳಿ ಗೋಡೆ ಹತ್ತಿತು, ಹೂವು ತುಂಬಿತು. ಆದರೆ ಹೂವಿನ ಕೆಳಗಿನ ಪುಟ್ಟ ಕಾಯಿಗಳು ಹಳದಿಯಾಗಿ, ಮೆತ್ತಗಾಗಿ, ಒಂದೊಂದೇ ಉದುರಿದವು. ನೆರೆಮನೆಯಾಕೆ ಗೋಡೆಯ ಮೇಲಿಂದ ಇಣುಕಿ ಅತ್ತೆಯನ್ನು ಕೇಳಿದಳು.

"ಅಕ್ಕಾರ, ಈ ಸಲ ಬೀಜಾ ಯಾರು ಊರ್ಯಾರ್ರಿ?"

"ಯಾರಂತ ಹೇಳ್ಲಿ ತಂಗೀ, ನಮ್ಮ ಸೊಸಿ."

"ಮದುವಿ ಆಗಿ ಭಾಳ ದಿನಾ ಆತಲ್ರಿ? ಇನ್ನೂ ಏನೂ ಇಲ್ಲ?"

"ನಾವು ಬಾಯಿ ಮುಚ್ಚಿಕೊಂಡ್ರೂ ಬಳ್ಳಿ ಹೇಳಾಕತ್ತೈತಿ ನೋಡು."

ನಾನು ಅಲ್ಲೇ ಅರಿವೆ ಒಗೆಯುತ್ತಿದ್ದೆ. ನನಗೆ ಕೇಳಲೆಂದೇ ಆಡಿದ ಮಾತು.

ಮರುವರ್ಷ ಅತ್ತೆ ಸೊಂಟ ಹಿಡಿದುಕೊಂಡೇ ಬೀಜ ಊರಿದರು. ನಾನು ಹಿತ್ತಿಲಿಗೆ ಕಾಲಿಡಕೂಡದು ಎಂದಾಯಿತು. ಆದರೂ ಮೊದಲ ಕಾಯಿಗಳು ಉದುರತೊಡಗಿದವು. ಈಗ ತಪ್ಪು ನನ್ನ ನೆರಳಿನ ಮೇಲೆ ಬಂತು. ಗಂಡ ಊಟಕ್ಕೆ ಕೂತಾಗ ಅತ್ತೆ ಅಂದರು, "ಈ ಸಲಾನೂ ಕಾಯಿ ಹಿಡೀಲಿಲ್ಲ ಅಂದ್ರ ಮುಗೀತು. ನಮ್ಮ ತಮ್ಮನ ಮಗಳನ್ನ ನಿನಗ ತರಾಕಿ ನಾನು. ಇಕೀ ತವರಮನ್ಯಾಗ ಇರಲಿ." ಗಂಡ ರೊಟ್ಟಿ ಮುರಿದರು, "ಪಲ್ಯ ಹಾಕು" ಅಂದರು. ಅಷ್ಟೇ. ಆ ಪಲ್ಯವನ್ನು ಬಡಿಸಿದವಳೂ ನಾನೇ.

ನಾಗರ ಪಂಚಮಿಗೆ ತವರು ಗರಗಕ್ಕೆ ಹೋದೆ. ಮುಂಜಾನೆ ಬೇಲಿಯ ಹತ್ತಿರ ನಿಂತಾಗ ಕುಂಬಳದ ಹೂವಿನೊಳಗಿಂದ ಗುಂಯ್ ಎಂಬ ಸದ್ದು. ಮೈತುಂಬ ಹಳದಿ ಹುಡಿ ಮೆತ್ತಿಕೊಂಡ ಜೇನುಹುಳ ಹೊರಬಂದು, ಬುಡದಲ್ಲಿ ಪುಟ್ಟ ಕಾಯಿ ಇದ್ದ ಇನ್ನೊಂದು ಹೂವಿಗೆ ಹೊಕ್ಕಿತು. ಆಗ ಕಣ್ಣಿಗೆ ಬಿತ್ತು, ಕೆಲವು ಹೂವಿಗಷ್ಟೇ ಬುಡದಲ್ಲಿ ಕಾಯಿ ಇದೆ, ಉಳಿದವು ಬರಿಯ ತೊಟ್ಟಿನ ಮೇಲಿವೆ. ಇವುಗಳ ಹುಡಿಯನ್ನು ಅವುಗಳಿಗೆ ಮುಟ್ಟಿಸುವುದು ಈ ಹುಳ. ನಮ್ಮ ಹಿತ್ತಿಲಲ್ಲಿ ಹೊಗೆ ಹಾಕಿದ ಮೇಲೆ ಈ ಸದ್ದನ್ನು ಕೇಳಿಯೇ ಇಲ್ಲವೆಂದು ನೆನಪಾಗಿ ಅಲ್ಲೇ ಕುಕ್ಕರಿಸಿದೆ.

"ಯಾಕವಾ, ತಲಿ ತಿರಗಾಕತ್ತೈತೇನು?" ಅವ್ವ ಓಡಿಬಂದಳು.

"ಇಲ್ಲಬೇ, ಹುಳಾ ನೋಡಾಕತ್ತೇನಿ."

"ಹಬ್ಬಕ್ಕ ಬಂದು, ಜೋಕಾಲಿ ಬಿಟ್ಟು ಹುಳಾ ನೋಡಾಕಿ ನೀನೊಬ್ಬಾಕಿ!"

ಧಾರವಾಡಕ್ಕೆ ಮರಳಿದ ಮೇಲೆ, ಅತ್ತೆ ಪೂಜೆಗೆ ಕೂತ ಹೊತ್ತಿನಲ್ಲಿ ಹಿತ್ತಿಲಿಗೆ ನುಗ್ಗತೊಡಗಿದೆ. ಬರಿಯ ಹೂವನ್ನು ಕಿತ್ತು, ಎಸಳು ತೆಗೆದು, ಕಾಯಿ ಇದ್ದ ಹೂವಿನೊಳಗೆ ಒರೆಸುತ್ತಿದ್ದೆ. ಬಳೆ ಸದ್ದಾಗದಂತೆ ಮೇಲೆ ಸರಿಸಿಕೊಳ್ಳುತ್ತಿದ್ದೆ. ಕಾಯಿ ನಿಂತವು. ದಸರೆಯ ಹೊತ್ತಿಗೆ ಎಲೆಯ ಮರೆಯಲ್ಲಿ ಕೊಡದಂಥ ಕುಂಬಳ.

ಅತ್ತೆ ಓಣಿಯ ಹೆಂಗಸರನ್ನು ಕರೆದು ತೋರಿಸಿದರು. "ನೋಡ್ರವ್ವಾ, ಆಕೀ ಕೈ ತಪ್ಪಿಸಿದ್ದಕ್ಕ ಹ್ಯಾಂಗ ಬಿಟ್ಟಾವು! ಇನ್ನೇನು ಸಾಕ್ಷಿ ಬೇಕು? ತಮ್ಮಗ ಹೇಳಿ ಕಳಸ್ತೇನಿ."

ಸುಮ್ಮನಿದ್ದರೆ ಸವತಿ ಬರುತ್ತಾಳೆ. ಮಾತಾಡಿದರೆ ಕದ್ದು ಮುಟ್ಟಿದವಳಾಗುತ್ತೇನೆ. ಮಾತಾಡಿದೆ.

"ಅತ್ಯಾರ, ಒಂದೊಂದು ಹೂವನ್ನೂ ಇದ ಕೈಲೆ ಮುಟ್ಟೇನ್ರಿ, ದಿನಾ ಮುಂಜಾನಿ. ಮುಟ್ಟಿದ್ದು ನಿಂತಾವು, ಮುಟ್ಟದ್ದು ಉದರ್ಯಾವು. ಗೋಡ್ಯಾಗಿನ ಜೇನು ಮಾಡೂ ಕೆಲಸಾ ಅದು. ಜೇನು ಸುಟ್ಟು, ತಪ್ಪು ನನ್ನ ಮ್ಯಾಲೆ ಹಾಕಿದ್ರಿ."

ನೆರೆಮನೆಯಾಕೆ ಸೆರಗು ಬಾಯಿಗಿಟ್ಟು ನಕ್ಕಳು. "ಹಂಗಾದ್ರ ಕೈ ಛಲೋ ಐತಿ ಬಿಡ್ರಿ ಅಕ್ಕಾರ."

ಅತ್ತೆ ಕಾಯಿಗಳನ್ನೆಲ್ಲ ಕಿತ್ತು, ಕುಡಗೋಲಿನಿಂದ ಹೋಳು ಮಾಡಿ, ನೆರೆಮನೆಯಾಕೆಯ ಎಮ್ಮೆಯ ಮುಂದೆ ಹಾಕಿಸಿದರು. ಎಮ್ಮೆ ಚಪ್ಪರಿಸಿ ತಿಂದಿತು.

ಸಂಜೆ ಸುದ್ದಿ ಕೇಳಿದ ಗಂಡ ಟೋಪಿ ತೆಗೆಯುತ್ತ ಅಂದರು, "ಕಾಯಿ ಹಿಡದಾವಲ್ಲಬೇ. ಇನ್ನ ಮಾಮಾನ ಮಗಳ ಮಾತ್ಯಾಕ?" ಅಲ್ಲಿಗೆ ಆ ಸಂಬಂಧದ ಮಾತು ನಿಂತಿತು. ನನ್ನ ಪರವಾಗಿ ಅವರು ಆಡಿದ್ದು ಅದೊಂದೇ ಮಾತು. ಅದನ್ನು ಆಡಲು ಅವರಿಗೂ ಕುಂಬಳಕಾಯಿಯೇ ಬೇಕಾಯಿತು. ಕಾಯಿ ನಿಲ್ಲದಿದ್ದರೆ ಏನನ್ನುತ್ತಿದ್ದರೋ, ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಮುಂದೆ ಮಗ ಹುಟ್ಟಿದ. ತಾವು ಹೊತ್ತ ಹರಕೆಯ ಫಲವೆಂದು ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನಾನು ಗೋಡೆಯ ಮಣ್ಣನ್ನು ಕೆತ್ತಿ ಸಂದಿ ಬಿಡಿಸಿಟ್ಟರೂ ಜೇನು ತಿರುಗಿ ಬರಲಿಲ್ಲ. ಹುಳ ಸುಮ್ಮನೆ ಬಂದು ಮುಗಿಸಿ ಹೋಗುತ್ತಿದ್ದ ಕೆಲಸಕ್ಕೆ ನನ್ನ ಇಡೀ ಮುಂಜಾವು ಸಾಲುತ್ತಿರಲಿಲ್ಲ. ನಾನು ಕೈ ಮುಟ್ಟಿಸಿದ ಬಳ್ಳಿಯ ಕುಂಬಳವನ್ನು ಅತ್ತೆ ಸಾಯುವತನಕ ಬಾಯಿಗಿಡಲಿಲ್ಲ. ನನ್ನ ಮಗನನ್ನು ಮಾತ್ರ ತೊಡೆಯಿಂದ ಇಳಿಸುತ್ತಿರಲಿಲ್ಲ, ನಾನು ಕೇಳಿದರೂ ಕೊಡುತ್ತಿರಲಿಲ್ಲ.