ಬೀಳುವುದಕ್ಕೊಂದು ಹಾಸಿಗೆ

ಇವತ್ತು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೆ. ತಿರುವಿ ಹಾಕಲೆಂದು ಮಧ್ಯಾಹ್ನ ಮಹಡಿಗೆ ಹೋದರೆ ಕಾದ ಹತ್ತಿಯ ವಾಸನೆ. ನಿಮಗೂ ಗೊತ್ತಿರುತ್ತದೆ, ಅದನ್ನು ಮೂಸಿದರೆ ಯಾರಿಗಾದರೂ ನಿದ್ದೆ ಬರಬೇಕು. ನನಗೆ ಮಾತ್ರ ದೇವನಹಳ್ಳಿ ಕಡೆಯ ಒಂದು ಹೈಸ್ಕೂಲಿನ ಮೈದಾನ ನೆನಪಾಗುತ್ತದೆ.

ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿತ್ತು. ನಾನಲ್ಲಿ ಕನ್ನಡ ಮೇಷ್ಟ್ರು. ಪಾಠದ ಮಧ್ಯೆ ವಿಮಾನ ಹಾದುಹೋದರೆ ಮಕ್ಕಳೆಲ್ಲ ಕಿಟಕಿಗೆ ಓಡುತ್ತಿದ್ದರು. ಮೊದಮೊದಲು ಗದರಿಸುತ್ತಿದ್ದೆ, ಆಮೇಲಾಮೇಲೆ ನಾನೂ ಹೋಗಿ ನಿಲ್ಲತೊಡಗಿದೆ. ನಿಲ್ದಾಣಕ್ಕೆ ಜಮೀನು ಕೊಟ್ಟು ದುಡ್ಡು ಕಂಡ ಮನೆಗಳಿಗೆ ಹೊಸ ಮಂಚ, ಫೋಮ್ ಹಾಸಿಗೆ ಬಂದು ಹಳೆಯ ಹತ್ತಿ ಹಾಸಿಗೆಗಳು ಅಟ್ಟ ಸೇರಿದ್ದವು. ಅವುಗಳ ಮೇಲೆ ಕಣ್ಣು ಹಾಕಿದವರು ನಮ್ಮ ಆಟದ ಮೇಷ್ಟ್ರು.

ಅವರ ಕೈಗೆ ಭಾಗ್ಯ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಸಿಕ್ಕಿದ್ದಳು. ಉದ್ದನೆ ಕೋಲು ಊರಿ, ಮೈ ತಲೆಕೆಳಗು ಮಾಡಿ ಅಡ್ಡಪಟ್ಟಿ ದಾಟುವ ಪೋಲ್ ವಾಲ್ಟ್ ಅವಳಿಗೆ ಜಡೆ ಹೆಣೆದುಕೊಂಡಷ್ಟು ಸಲೀಸು. ಆದರೆ ದಾಟಿದ ಮೇಲೆ ಬೀಳಬೇಕಲ್ಲ, ಅದಕ್ಕೆ ಬೇಕಾದ ಮೆತ್ತೆ ಸ್ಕೂಲಿನಲ್ಲಿ ಇರಲಿಲ್ಲ. ಮಾತುಗಾರನೆಂದು ಹಾಸಿಗೆ ಬೇಡಿ ತರುವ ಕೆಲಸ ನನಗೆ ಅಂಟಿತು. ಒಂದನ್ನು ತಲೆ ಮೇಲೆ ಹೊತ್ತು ಬರುತ್ತಿದ್ದರೆ ಹಾಲಿನ ಡೈರಿಯ ಮುಂದೆ ನಿಂತವರೊಬ್ಬರು, "ಏನ್ ಮೇಷ್ಟ್ರೇ, ಮನೆಯಿಂದ ಆಚೆ ಹಾಕ್ಬಿಟ್ರಾ?" ಎಂದರು. ಎಲ್ಲವನ್ನೂ ಗೋಣಿದಾರದಲ್ಲಿ ಹೊಲಿದು ಒಂದರ ಮೇಲೊಂದು ಪೇರಿಸಿದೆವು. ಅದರ ಮೇಲೆ ಬಿದ್ದೂ ಬಿದ್ದೂ ಭಾಗ್ಯ ತಾಲ್ಲೂಕು ಗೆದ್ದಳು, ಜಿಲ್ಲೆ ಗೆದ್ದಳು.

ಇನ್ನುಳಿದದ್ದು ರಾಜ್ಯದ ದಾಖಲೆ. ಅದಕ್ಕಾಗಿ ಪಟ್ಟಿ ಏರಿಸಿದ ದಿನ ಅವಳು ಬಿದ್ದ ರಭಸಕ್ಕೆ ಹಾಸಿಗೆ ತಡೆಯದೆ ಬೆನ್ನು ನೆಲಕ್ಕೇ ಬಡಿಯಿತು. ಮೂಳೆ ಮುರಿಯಲಿಲ್ಲ, ಸದ್ಯ. ಮಾರನೆಯ ದಿನ ಅವಳ ತಾಯಿ ನಂಜಮ್ಮ ಸ್ಕೂಲಿಗೆ ಬಂದರು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗಿ ಮಗಳನ್ನು ಸಾಕುತ್ತಿದ್ದವರು.

"ಗಂಡನ್ನ ಕಳ್ಕೊಂಡಿದೀನಿ ಸಾ. ಇರೋಳು ಇವಳೊಬ್ಳೇ. ಕೋಲೂ ಬ್ಯಾಡ, ಕಪ್ಪೂ ಬ್ಯಾಡ."

ಕೋಲು ಮೂಲೆ ಸೇರಿತು. ಭಾಗ್ಯ ಆಮೇಲೆ ವಿಮಾನ ಹೋದರೂ ಕಿಟಕಿಯತ್ತ ತಿರುಗುತ್ತಿರಲಿಲ್ಲ.

ಕೆಲವು ದಿನ ಕಳೆದು, ಒಂದು ಸಂಜೆ ನಂಜಮ್ಮ ಹಾಸಿಗೆಯೊಂದನ್ನು ಹೊತ್ತು ಮೈದಾನಕ್ಕೇ ಬಂದರು.

"ನಿದ್ದೇಲೂ ಕಾಲು ಎತ್ತಿ ಎತ್ತಿ ಹಾರ್ತಾಳೆ ಸಾ. ಅಂಥವಳನ್ನ ಕಟ್ಟಾಕಕ್ಕಾಯ್ತದಾ?" ಎಂದು ಅದನ್ನು ಇಳಿಸಿದರು. "ಅವಳಪ್ಪ ಕಣ್ಮುಚ್ಚಿದ್ದು ಇದ್ರ ಮೇಲೇ. ಊರಾಚೆ ಎಸ್ದುಬಿಡು ಅಂದ್ರು ಎಲ್ರೂ, ನನ್ ಕೈಲಾಗ್ಲಿಲ್ಲ. ಎಲ್ಲಕ್ಕಿಂತ ಮೇಲೆ ಹಾಕಿ. ಬಿದ್ರೆ ಅವರಪ್ಪನ ಮೇಲೇ ಬೀಳ್ಲಿ."

ಸತ್ತವರ ಹಾಸಿಗೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವವರಿಲ್ಲ ನಮ್ಮ ಕಡೆ. ಆದರೂ ಆಟದ ಮೇಷ್ಟ್ರು ಸೂಜಿ ತಂದರು. ಹೊಲಿದವರು ನಂಜಮ್ಮನೇ. ಭಾಗ್ಯ ಅದರಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಮಲಗಿದ್ದಳು. ನಾವ್ಯಾರೂ ಎಬ್ಬಿಸಲಿಲ್ಲ. ತಾನಾಗಿ ಎದ್ದು ಕೋಲು ತೆಗೆದುಕೊಂಡಳು.

ರಾಜ್ಯದ ಕೂಟ ಬೆಂಗಳೂರಿನಲ್ಲಿ. ನಂಜಮ್ಮ ನನ್ನ ಪಕ್ಕದಲ್ಲೇ ಕೂತು, ಮಗಳು ಓಡಲು ಶುರುಮಾಡಿದ್ದೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಜನ ಹೋ ಎಂದು ಕೂಗಿದರು.

"ಬಿದ್ಲಾ ಸಾ?"

"ಬಿದ್ಲು ಕಣಮ್ಮ. ಪಟ್ಟಿ ದಾಟಿ ಆಚೆಗೆ ಬಿದ್ಲು. ದಾಖಲೆ ಮುರಿದ್ಬಿಟ್ಲು!" ಎಂದವನು ನಾನೇ ಮೊದಲು ಅತ್ತೆ.

ಆಮೇಲೆ ನನಗೆ ವರ್ಗವಾಯಿತು. ಸ್ಕೂಲಿಗೆ ನಿಜವಾದ ಮೆತ್ತೆ ಬಂತೆಂದೂ ಹಳೆಯ ಹಾಸಿಗೆಗಳನ್ನೆಲ್ಲ ಲಾರಿಗೆ ತುಂಬಿ ಕಳಿಸಿದರೆಂದೂ ಕೇಳಿದ್ದೆ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕ ಭಾಗ್ಯ ಆಗಾಗ ಫೋನ್ ಮಾಡುತ್ತಾಳೆ. ಅವಳಪ್ಪನ ಹಾಸಿಗೆ ಏನಾಯಿತೆಂದು ಕೇಳುವ ಧೈರ್ಯ ಮಾತ್ರ ಇಷ್ಟು ವರ್ಷ ಬಂದಿರಲಿಲ್ಲ. ಇವತ್ತು ಮಹಡಿಯಿಂದಲೇ ಫೋನ್ ಮಾಡಿ ಕೇಳಿಬಿಟ್ಟೆ.

"ಲಾರಿ ಬರೋಕ್ ಮುಂಚೇನೇ ಹೊಲಿಗೆ ಬಿಚ್ಚಿ ಮನೆಗೆ ತಂದ್ಬಿಟ್ಟೆ ಸಾರ್," ಎಂದಳು. "ಹತ್ತಿ ಹಿಂಜಿಸಿ ಹೊಸ ಬಟ್ಟೆ ಹಾಕಿಸ್ದೆ. ಅಪ್ಪ ಹೋದಾಗಿಂದ ಅಮ್ಮ ಬರೀ ಚಾಪೆ ಮೇಲೆ ಹೊರಳಾಡ್ತಾ ಇದ್ಲು. ಈಗ ಅದ್ರ ಮೇಲೆ ಮಲಗ್ತಾಳೆ. ನಿದ್ದೆ ಬರುತ್ತೆ ಸಾರ್ ಅವಳಿಗೆ."