ಕೆರೆ ಏರಿಯ ಮೇಲೆ ನಾನು ಹೇಳಿದ ಮಾತು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಆ ಹೊತ್ತು ಈಗಲೂ ಇದೆ. ನಮ್ಮೂರ ಕೆರೆ ಏರಿಯ ಬುಡದಲ್ಲಿ, ಹಳೆಯ ತೂಬಿನ ಪಕ್ಕ, ಮಣ್ಣು ಬೆರೆತ ಕೆಂಪು ನೀರು ಹೆಬ್ಬೆರಳಿನಷ್ಟು ದಪ್ಪಕ್ಕೆ ಹೊರಬರುತ್ತಿದೆ.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ. ತುಂಬಿ ಕೋಡಿ ಬಿದ್ದರೆ ಮನೆಗೊಬ್ಬ ಹೆಂಗಸು ಏರಿಯ ಮೇಲೆ ಕೂತು ಗಂಗವ್ವನಿಗೆ ಉಡಿ ತುಂಬುತ್ತಾಳೆ. ಮೊರದಲ್ಲಿ ಹಸಿರು ಬಳೆ, ಕುಪ್ಪಸದ ಕಣ, ಕೊಬ್ಬರಿ. ಕೊನೆಯ ಮನೆಯ ಮೊರ ನೀರಿಗಿಳಿಯುವ ತನಕ ಯಾರೂ ಏಳುವಂತಿಲ್ಲ. ಅಂದು ಅವರ ನಡುವೆ ದೊಡ್ಡವ್ವ, ನನ್ನ ಅವ್ವನ ಅಕ್ಕ, ಕೂತಿದ್ದಳು. ಸರಿಯಾಗಿ ತೂಬಿನ ಮೇಲೆ.

ಕೆರೆ ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದೆ.

“ಏರಿ ಮ್ಯಾಲ ನೀರು ಹರಿಯಾಕತ್ತೈತೇನ್ರಿ?” ಎಂದ ಅಲ್ಲಿದ್ದವ.

“ಇಲ್ರಿ, ಬುಡದಾಗ. ಕೆಂಪಗ ಬರಾಕತ್ತೈತ್ರಿ.”

“ಅದು ಜಿನುಗು. ಎಲ್ಲಾ ಕೆರಿಗೂ ಇರ್ತೈತಿ. ಸಾಹೇಬ್ರು ಊಟ ಆದ ಮ್ಯಾಲ ಬಂದು ನೋಡ್ತಾರ. ಏನೂ ಆಗಲ್ಲ, ಸುಮ್ನ ಮಂದೀನ ಹೆದರಸಬ್ಯಾಡ್ರಿ.”

ಏರಿ ಹತ್ತಿದೆ. “ಏನಲೇ, ಗಂಗವ್ವ ಮನಿಗಿ ಬಂದ್ರ ಮಾರಿ ಗಂಟು ಹಾಕ್ಕೊಂಡು ಬಂದಿ!” ಎಂದಳು ದೊಡ್ಡವ್ವ. “ಕಾಲೇಜು ಓದಿದಾಕಿ, ನೀರು ಕಂಡ್ರೂ ಪರೀಕ್ಷಾನ ಅಕಿಗೆ” ಎಂದು ಪಕ್ಕದಾಕೆ ನಕ್ಕಳು. ನಾನು ಫೋಟೋ ತೋರಿಸಿದೆ. ದೊಡ್ಡವ್ವನ ನಗು ನಿಂತಿತು.

“ಏಳಬೇಕಂದ್ರ ಹೇಳು, ಏಳ್ತೀವಿ. ಗಂಗವ್ವನ ಹತ್ರ ತಪ್ಪಾತು ಅಂದ್ರಾತು.”

“ಬ್ಯಾಡ ದೊಡ್ಡವ್ವ. ಏನೂ ಆಗಲ್ಲಂತ. ಆಫೀಸಿನವ್ರು ಹೇಳ್ಯಾರ.”

ಹನ್ನೆರಡೂಕಾಲಿಗೆ ತೂಬಿನ ಮೇಲಿನ ಏರಿ ಗಾಡಿಯಗಲ ಕುಸಿಯಿತು. ಕೂಗಿದೆನೋ ಇಲ್ಲವೋ, ನೆನಪಿಲ್ಲ. ಆಚೀಚೆ ಕೂತಿದ್ದವರು ಎದ್ದು ಓಡಿದರು. ದೊಡ್ಡವ್ವನಿಗೆ ಏಳಲು ನೆಲವೇ ಉಳಿಯಲಿಲ್ಲ. ಸಂಜೆ ಕೆಳಗಿನ ಮೆಕ್ಕೆಜೋಳದ ಹೊಲದಾಚೆ, ಜಾಲಿ ಗಿಡಕ್ಕೆ ಸಿಕ್ಕಿಕೊಂಡು ಹೆಣವಾಗಿ ಸಿಕ್ಕಳು.

ಆಮೇಲೆ ತಾಲ್ಲೂಕು ಕಚೇರಿಯ ಜೀಪುಗಳು ಬಂದವು. ಶಾಲೆಯ ಕೋಣೆಯಲ್ಲಿ ಕೂತು ಎಲ್ಲರ ಹೇಳಿಕೆ ಬರೆದುಕೊಂಡರು. ನನ್ನ ಹಾಳೆಯಲ್ಲಿ ವಿಪರೀತ ಮಳೆಯಿಂದ ಏರಿ ಒಡೆಯಿತು ಎಂದಿತ್ತು. ಸಹಿ ಹಾಕಿದೆ. ಫೋನಿನ ಮಾತು ಎತ್ತಲಿಲ್ಲ. ಎತ್ತಿದರೆ ಏರಿಯ ಮೇಲೆ ನಾನು ಆಡಿದ್ದನ್ನೂ ಹೇಳಬೇಕಾಗುತ್ತಿತ್ತು. ಏರಿ ಸರ್ಕಾರದ್ದು, ತೂಬು ಸರ್ಕಾರದ್ದು, ಎದ್ದು ಹೋಗಿರಿ ಎಂದು ಹೇಳಬೇಕಾದದ್ದೂ ಸರ್ಕಾರವೇ. ಆದರೆ ಕೂತಿರಿ ಎಂದು ಹೇಳಿದ ಬಾಯಿ ನನ್ನದು. ರಾತ್ರಿ ಕಣ್ಣು ಮುಚ್ಚಿದರೆ ನನ್ನದೇ ದನಿ ಕೇಳುತ್ತಿತ್ತು, ಎದ್ದು ಕೂರುತ್ತಿದ್ದೆ. ಹೀಗೇ ಎರಡು ತಿಂಗಳು.

ಕೊನೆಗೊಂದು ದಿನ ದೊಡ್ಡವ್ವನ ಮಗಳ ಮುಂದೆ ಎಲ್ಲ ಹೇಳಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನನಗ ಗೊತ್ತೈತಿ. ಅಲ್ಲಿದ್ದವ್ರು ಹೇಳ್ಯಾರ.”

“ಮತ್ತ ಯಾಕ ಬೈಲಿಲ್ಲ?”

“ಬೈದ್ರ ನಮ್ಮವ್ವ ಬರ್ತಾಳೇನು? ಆ ಮನುಷ್ಯ ಇವತ್ತೂ ಅದೇ ಫೋನ್ ಎತ್ತಾಕತ್ತಿರ್ತಾನ. ಇನ್ನೊಂದು ಕೆರಿಯವ್ರಿಗೂ ಜಿನುಗು ಅಂತಾನ. ನನ್ನ ಮುಂದ ಅತ್ತು ಏನ್ ಮಾಡ್ತಿ? ಹೋಗಿ ಬರಸು.”

ಮರುದಿನ ಮೊದಲ ಬಸ್ಸಿಗೆ ತಾಲ್ಲೂಕು ಕಚೇರಿಗೆ ಹೋದೆ.

“ಮೊದ್ಲ ಸಹಿ ಮಾಡೀರಲ್ರಿ?” ಎಂದ ಗುಮಾಸ್ತ.

“ಮಾಡೀನ್ರಿ. ಅರ್ಧ ಹೇಳಿದ್ದೆ.”

ಫೋಟೋ ಕೊಟ್ಟೆ, ಕರೆ ಮಾಡಿದ ಹೊತ್ತು ತೋರಿಸಿದೆ. ಫೋನಿನಲ್ಲಿ ಆ ಮನುಷ್ಯ ಹೇಳಿದ್ದು, ಏರಿಯ ಮೇಲೆ ನಾನು ಹೇಳಿದ್ದು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ, ಓದಿಸಿ ಕೇಳಿ, ಸಹಿ ಹಾಕಿದೆ. ಅದರಿಂದ ಏನಾದೀತು ಎಂದು ಕೇಳಿದೆ. ಮೇಲಕ್ಕೆ ಕಳಿಸುತ್ತೇವೆ ಎಂದರು.

ಅದು ಸೋಮವಾರ. ಮಂಗಳವಾರ ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅವ್ವ ನನ್ನನ್ನು ಎಬ್ಬಿಸಿರಲಿಲ್ಲ.